ಹುಬ್ಬಳ್ಳಿಯೊಳಗ ಸೊಲ್ಯೂಷನ್, ತಿನ್ನರ್ ಸೇದೋ ಮಕ್ಕಳು ಎಷ್ಟದಾರ, ಎಣಿಸೋದು ಹೆಂಗ?

ಗಣೇಶಪೇಟೆ_ಸಮೀಕ್ಷೆ ಕೇಳಿದ್ದು:

ನಮಸ್ಕಾರ್ರಿ ಎಲ್ಲರಿಗೂ. ಹುಬ್ಬಳ್ಳಿ ರೈಲ್ವೆ ಸ್ಟೇಷನ್, ಹಳೇ ಬಸ್‌ಸ್ಟ್ಯಾಂಡ್, ಗಣೇಶಪೇಟೆ, ಹಳೇ ಹುಬ್ಬಳ್ಳಿ ಈ ಸುತ್ತಿನ ಓಣಿಗಳಲ್ಲಿ ಪಂಕ್ಚರ್ ಸೊಲ್ಯೂಷನ್, ವೈಟ್ನರ್, ತಿನ್ನರ್, ಪೆಟ್ರೋಲ್ ಸೇದುವವರ ಬಗ್ಗೆ ವರದಿ ಮಾಡಬೇಕಾಗಿದೆ. ಆರು ಜನ ಎಂ.ಎಸ್.ಡಬ್ಲ್ಯೂ (ಸಮಾಜಕಾರ್ಯ) ವಿದ್ಯಾರ್ಥಿಗಳ ತಂಡ. ಕೈಯಾಗ ಇರೋದು ಎರಡೇ ತಿಂಗಳು.

2019ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 10ರಿಂದ 17 ವರ್ಷದ ಮಕ್ಕಳಲ್ಲಿ ಇಂಥ ವಸ್ತು ಸೇದುವವರು ಶೇ 1.17 ಅಂತ ಇದೆ. ಧಾರವಾಡ ಜಿಲ್ಲೆಯ ಆ ವಯಸ್ಸಿನ ಮಕ್ಕಳ ಸಂಖ್ಯೆಗೆ ಇದನ್ನ ಗುಣಿಸಿದರೆ ಅಂದಾಜು ಸಿಗುತ್ತದಲ್ಲ, ಅಷ್ಟು ಸಾಕಾ? ಆರೋಗ್ಯದ ಹಾನಿ ಅಂತ ಯಾವುದನ್ನ ದಾಖಲು ಮಾಡಬೇಕು? ಮೂತ್ರ ಪರೀಕ್ಷೆಯ ಕಿಟ್‌ನಲ್ಲಿ ಇದು ಗೊತ್ತಾಗುತ್ತದಾ? ಓಡಾಡುವಾಗ ನಮ್ಮ ಎದುರಿಗೇ ಯಾರಾದರೂ ಬಿದ್ದರೆ ಏನು ಮಾಡಬೇಕು? ಮತ್ತೆ ಸಾಲಿಗಳಲ್ಲಿ ಜಾಗೃತಿ ಕಾರ್ಯಕ್ರಮ ಮಾಡುವಾಗ ಈ ವಸ್ತುಗಳನ್ನ ಮೇಜಿನ ಮೇಲೆ ಇಟ್ಟು ತೋರಿಸಬೇಕು ಅಂತ ಒಬ್ಬರು ಹೇಳಿದಾರೆ, ಅದು ಸರಿಯಾ?

ಎಣಿಕೆ_ಮಾಸ್ತರ:

ಗುಣಿಸೋ ಮೊದಲು ಆ 1.17 ಯಾವುದರ ಲೆಕ್ಕ ಅನ್ನೋದು ನೋಡ್ರಿ. ಸಾಮಾಜಿಕ ನ್ಯಾಯ ಇಲಾಖೆಗಾಗಿ ದಿಲ್ಲಿಯ ಏಮ್ಸ್‌ನವರು ಮಾಡಿದ ಸಮೀಕ್ಷೆ ಅದು. ಹಿಂದಿನ 12 ತಿಂಗಳಲ್ಲಿ ಒಂದೇ ಸಲ ಮೂಸಿದವನೂ, ದಿನಕ್ಕೆ ಹತ್ತು ಸಲ ಸೇದುವವನೂ ಅದರಲ್ಲಿ ಒಂದೇ ಲೆಕ್ಕ. 10ರಿಂದ 75 ವರ್ಷದ ಒಟ್ಟು ಜನರಲ್ಲಿ ಶೇ 0.7, ದೊಡ್ಡವರಲ್ಲಿ ಶೇ 0.58, ಮಕ್ಕಳಲ್ಲಿ ಶೇ 1.17. ಸೆರೆ, ಗಾಂಜಾ, ಅಫೀಮು ಎಲ್ಲದರಲ್ಲೂ ದೊಡ್ಡವರ ಪ್ರಮಾಣವೇ ಜಾಸ್ತಿ. ಮಕ್ಕಳು ಮುಂದಿರೋದು ಇದೊಂದರಲ್ಲೇ. ಹಂಗಂತ ವರದಿಯನ್ನ ಬರೇ ಮಕ್ಕಳ ಮೇಲೆ ಬರೀಬ್ಯಾಡ್ರಿ. ನೆರವು ಬೇಕಾದಷ್ಟು ತೊಂದರೆಗೆ ಬಿದ್ದವರ ಅಂದಾಜು ಅದೇ ವರದಿಯಲ್ಲಿ ಮಕ್ಕಳು 4.6 ಲಕ್ಷ, ದೊಡ್ಡವರು 18 ಲಕ್ಷ. ಪ್ರಮಾಣ ಮಕ್ಕಳದು ಹೆಚ್ಚು, ತಲೆ ಎಣಿಸಿದರೆ ದೊಡ್ಡವರೇ ಹೆಚ್ಚು. ನಿಮ್ಮ ಫಾರ್ಮಿನಲ್ಲಿ ವಯಸ್ಸಿಗೆ 17ರ ಮಿತಿ ಹಾಕಿಬಿಟ್ಟರೆ ಅವರು ಅಲ್ಲಿಗೇ ಬಿಟ್ಟುಹೋದರು.

ಇನ್ನು ಜಿಲ್ಲೆಗೆ ಗುಣಿಸೋ ಮಾತು. ದೇಶದ 186 ಜಿಲ್ಲೆಗಳಲ್ಲಿ ಮನೆಮನೆಗೆ ಹೋಗಿ ಮಾಡಿದ್ದು. ಸಂಖ್ಯೆ ಹೊರಬರೋದು ದೇಶ ಮತ್ತು ರಾಜ್ಯದ ಮಟ್ಟಕ್ಕೆ. ಜಿಲ್ಲೆಗೆ ಇಳಿಸಲಿಕ್ಕೆ ಅದನ್ನ ಮಾಡಿಲ್ಲ. ಅದಕ್ಕಿಂತ ದೊಡ್ಡ ತೊಡಕು ಅಂದರೆ ಮನೆ ಸಮೀಕ್ಷೆಯಲ್ಲಿ ಸಿಗೋರು ಮನೆ ಇದ್ದವರು. ಪ್ಲಾಟ್‌ಫಾರಂ ಮೇಲೆ ಮಲಗೋ ಹುಡುಗ, ಗುಜರಿ ಅಂಗಡಿ ಹಿಂದೆ ಇರೋ ಹುಡುಗ ಯಾರ ಮನೆಯ ಪಟ್ಟಿಯಲ್ಲೂ ಇಲ್ಲ. ಸಾಲಿ ಸಮೀಕ್ಷೆಯದೂ ಅದೇ ಹಣೇಬರಹ, ಸಾಲಿ ಬಿಟ್ಟವನು ಅಲ್ಲಿ ಕೂತಿರಂಗಿಲ್ಲ. ಗುಣಿಸಿದ ಸಂಖ್ಯೆ ಧಾರವಾಡದ ಮಟ್ಟಿಗೆ ಹೆಚ್ಚಾಗಿರಬಹುದು, ಹಳೇ ಬಸ್‌ಸ್ಟ್ಯಾಂಡಿನ ಮಟ್ಟಿಗೆ ತೀರಾ ಕಡಿಮೆಯಾಗಿರಬಹುದು. ಎರಡಕ್ಕೂ ಬರೋದಿಲ್ಲ.

ಇನ್ನೊಂದು ಅಂಕಿ ಭಾಷಣಗಳಲ್ಲಿ ತಿರುಗುತ್ತಿರುತ್ತದೆ, ಶೇ 34.7. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗದ 2013ರ ಅಧ್ಯಯನದ್ದು. ಅದು 4,024 ಮಕ್ಕಳ ಲೆಕ್ಕ, ಅವರೆಲ್ಲ ಮೊದಲೇ ಯಾವುದಾದರೂ ಒಂದು ಚಟ ಇದ್ದವರು. ಆ ಗುಂಪಿನೊಳಗೆ ಸೇದುವ ರಾಸಾಯನಿಕ ಬಳಸಿದವರು ಮೂರನೇ ಒಂದು ಭಾಗ. "ದೇಶದ ಮೂರನೇ ಒಂದು ಭಾಗ ಮಕ್ಕಳು" ಅಂತ ಬರೆದರೆ ಮಾರ್ಗದರ್ಶಕರು ಅಲ್ಲೇ ಕೆಂಪು ಗೆರೆ ಎಳೀತಾರ.

ನಿಮ್ಮ ಕೆಲಸಕ್ಕೆ ಸರಿಹೋಗೋದು ಎರಡು ಸುತ್ತಿನ ಎಣಿಕೆ. ಕೆರಿಯೊಳಗಿನ ಮೀನು ಎಣಿಸಲಿಕ್ಕೆ ಗುರುತು ಹಾಕಿ ಬಿಟ್ಟು ಮತ್ತೆ ಹಿಡೀತಾರಲ್ಲ, ಅದೇ ಲೆಕ್ಕ. ಮೊದಲ ಸುತ್ತಿನಲ್ಲಿ 60 ಜನ ಸಿಕ್ಕರು ಅಂತ ಇಟ್ಟುಕೊಳ್ರಿ. ಎರಡನೇ ಸುತ್ತಿನಲ್ಲಿ 50, ಅದರಲ್ಲಿ 20 ಜನ ಮೊದಲೂ ಸಿಕ್ಕವರು. 60ನ್ನ 50ರಿಂದ ಗುಣಿಸಿ 20ರಿಂದ ಭಾಗಿಸಿದರೆ 150. ಸಣ್ಣ ಸಂಖ್ಯೆಗೆ ಒಂದು ತಿದ್ದುಪಡಿ ಇದೆ: 61 ಗುಣಿಸು 51, ಭಾಗಿಸು 21, ಅದರಲ್ಲಿ 1 ಕಳೆ. 147 ಬರುತ್ತದೆ. ವರದಿಯಲ್ಲಿ ಬರೇ 147 ಅಂತ ಬರೀಬಾರದು, ಶೇ 95ರ ವಿಶ್ವಾಸದಲ್ಲಿ ಸುಮಾರು 109ರಿಂದ 186 ಅಂತ ಬರೀಬೇಕು. ಇದು ಉದಾಹರಣೆ ಅಷ್ಟೇ, ಹುಬ್ಬಳ್ಳಿಯ ಅಂಕಿ ಅಲ್ಲ.

ಇದು ಎಲ್ಲಿ ಕೆಡುತ್ತದೆ ಅಂದರೆ ಆ 20ರಲ್ಲಿ. ಮೊದಲ ಸುತ್ತಿನಲ್ಲಿ ಬಿಸ್ಕೀಟು ಹಂಚಿದಿರಿ ಅಂದರೆ ಎರಡನೇ ಸುತ್ತಿಗೆ ಅವೇ ಮಕ್ಕಳು ಓಡಿ ಬರ್ತಾವ. 20 ಇದ್ದದ್ದು 30 ಆದರೆ ಉತ್ತರ 147ರಿಂದ 99ಕ್ಕೆ ಬೀಳುತ್ತದೆ. ಉಲ್ಟಾ, ಮೊದಲ ಸುತ್ತಿನಲ್ಲಿ ಪೊಲೀಸರನ್ನ ಜೊತೆಗೆ ಕರ್ಕೊಂಡು ಹೋದಿರಿ, ಇಲ್ಲಾ ನಡುವೆ ಅರ್ಧ ಹುಡುಗರು ಗದಗಿಗೋ ಹೊಸಪೇಟೆಗೋ ರೈಲು ಹತ್ತಿದರು. ಮತ್ತೆ ಸಿಕ್ಕವರು 12ಕ್ಕೆ ಇಳಿದರೆ ಉತ್ತರ 238. ಅದೇ ಊರು, ಅವೇ ಮಕ್ಕಳು, ಉತ್ತರ ಮಾತ್ರ ಎರಡೂವರೆ ಪಟ್ಟು ಬೇರೆ. ಆದ್ದರಿಂದ ಏನೂ ಹಂಚಬ್ಯಾಡ್ರಿ. ಖಾಕಿ ಜೊತೆಗೆ ಹೋಗಬ್ಯಾಡ್ರಿ. ಎರಡೂ ಸುತ್ತಿನಲ್ಲಿ ಅವೇ ಜಾಗ, ಅದೇ ವೇಳೆ. ಒಂದು ಸುತ್ತು ಎರಡು ದಿನದಲ್ಲಿ ಮುಗೀಬೇಕು.

ಹೆಸರು ಬರಕೋಬ್ಯಾಡ್ರಿ. ತಾಯಿ ಹೆಸರಿನ ಮೊದಲ ಎರಡು ಅಕ್ಷರ, ಹುಟ್ಟಿದ ಊರಿನ ಮೊದಲ ಅಕ್ಷರ, ವಯಸ್ಸು, ಒಂದು ಕಾಣೋ ಗುರುತು (ಎಡಗೈ ಸುಟ್ಟ ಕಲೆ, ಹುಬ್ಬಿನ ಮೇಲೆ ಹೊಲಿಗೆ) ಇಷ್ಟು ಸೇರಿಸಿ ಸಂಕೇತ ಮಾಡ್ರಿ. ಇಲ್ಲಿ ವಯಸ್ಸೇ ಕೈಕೊಡೋದು. ಒಂದು ವಾರ 12 ಅಂದವನು ಮುಂದಿನ ವಾರ 13 ಅಂತಾನೆ. ಒಂದು ವರ್ಷ ಆಚೀಚೆ ಇದ್ದು ಉಳಿದ ಮೂರೂ ಕೂಡಿದರೆ ಒಬ್ಬನೇ ಅಂತ ಹಿಡೀಬೇಕು, ಈ ನಿಯಮವನ್ನ ಮೊದಲೇ ಬರೆದಿಟ್ಟುಕೊಳ್ಳಬೇಕು.

ತಾಳೆ ನೋಡಲಿಕ್ಕೆ ಇನ್ನೊಂದು ದಾರಿ: ತೆರೆದ ತಂಗುದಾಣ ಅಥವಾ ಸ್ಟೇಷನ್ನಿನ ಮಕ್ಕಳ ಸಹಾಯ ಕೇಂದ್ರದವರು ಹಿಂದಿನ ಆರು ತಿಂಗಳಲ್ಲಿ ಇಂಥ 24 ಮಕ್ಕಳನ್ನ ದಾಖಲಿಸಿದ್ದಾರೆ ಅಂತಿಟ್ಟುಕೊಳ್ರಿ. ನಿಮ್ಮ ಓಡಾಟದಲ್ಲಿ ಸಿಕ್ಕವರನ್ನ "ಆರು ತಿಂಗಳಲ್ಲಿ ಅಲ್ಲಿಗೆ ಹೋಗಿದ್ದೆಯಾ" ಅಂತ ಕೇಳಿದಾಗ ಶೇ 16 ಜನ ಹೌದು ಅಂದರೆ, 24 ಭಾಗಿಸು 0.16, ಅಂದರೆ 150. ಎರಡು ದಾರಿಯ ಉತ್ತರ ಹತ್ತಿರ ಬಂದರೆ ಧೈರ್ಯವಾಗಿ ಬರೀರಿ. ದೂರ ಇದ್ದರೆ ಎರಡನ್ನೂ ಬರೆದು ಕಾರಣ ಹೇಳ್ರಿ.

ಪ್ರಶ್ನೆ ಕಡಿಮೆ ಇರಲಿ: ಹಿಂದಿನ 30 ದಿನದಲ್ಲಿ ಎಷ್ಟು ದಿನ, ಮೊದಲ ಸಲ ಎಷ್ಟನೇ ವಯಸ್ಸಿನಲ್ಲಿ, ಯಾವ ವಸ್ತು, ಒಬ್ಬನೇ ಇದ್ದಾಗಲಾ ಗುಂಪಿನಲ್ಲಾ. ದೊಡ್ಡವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಅಸಿಸ್ಟ್ ಪ್ರಶ್ನಾವಳಿ ಬಳಸ್ರಿ. ಸೆರೆ ಬಿಟ್ಟು ಉಳಿದ ವಸ್ತುಗಳಿಗೆ 4ರಿಂದ 26 ಅಂಕ ಬಂದರೆ ಹಾನಿಯ ಹಂತ, 27 ಮತ್ತು ಮೇಲೆ ಅವಲಂಬನೆಯ ಸಾಧ್ಯತೆ. ಹುಡುಗರಿಗೆ ಅದರದೇ ಬೇರೆ ರೂಪ ಇದೆ, ದೊಡ್ಡವರದನ್ನೇ ಅವರ ಮೇಲೆ ಹಾಕಬ್ಯಾಡ್ರಿ.

ವಾರ್ಡ್_ರೌಂಡ್:

ಹಾನಿಯ ಪ್ರಶ್ನೆಗೆ ಬರ್ತೀನಿ. "ಸೊಲ್ಯೂಷನ್" ಅಂತ ಒಂದೇ ಕಾಲಂ ಮಾಡಬೇಡಿ. ಯಾವ ವಸ್ತು ಅನ್ನೋದರ ಮೇಲೆ ಹಾನಿ ಬೇರೆ.

ತಿನ್ನರ್‌ನಲ್ಲಿ ಸಾಮಾನ್ಯವಾಗಿ ಇರೋದು ಟಾಲ್ವಿನ್ (toluene) ಅನ್ನೋ ದ್ರಾವಕ. ಇದು ಕೊಬ್ಬಿನಲ್ಲಿ ಕರಗುತ್ತದೆ, ಮೆದುಳಿನ ಬಿಳಿಭಾಗ ಅಂದರೆ ನರತಂತುಗಳ ಹೊದಿಕೆಯೇ ಕೊಬ್ಬು. ವರ್ಷಗಟ್ಟಲೆ ಸೇದಿದವರಿಗೆ ನಡಿಗೆ ತೂರಾಡೋದು, ಕೈ ನಡುಕ, ಮಾತು ತೊದಲೋದು, ಕಿವಿ ಮಂದವಾಗೋದು, ದೃಷ್ಟಿ ಮಸುಕಾಗೋದು ಬರುತ್ತದೆ. ಮರೆವು, ಮಂಕು ಅದಕ್ಕೂ ಮೊದಲೇ ಶುರುವಾಗಿರುತ್ತದೆ. ಬಿಟ್ಟ ಮೇಲೆ ಕೆಲವರಲ್ಲಿ ಸ್ವಲ್ಪ ಸುಧಾರಿಸುತ್ತದೆ, ಪೂರ್ತಿ ಮರಳೋದು ಖಾತ್ರಿ ಇಲ್ಲ. ಗರ್ಭಿಣಿಯರು ಸೇದಿದರೆ ಹುಟ್ಟುವ ಮಗುವಿನ ತಲೆ ಸಣ್ಣದಾಗೋದು, ಬೆಳವಣಿಗೆ ಕುಂಠಿತವಾಗೋದು ಇದೆ, ಸೆರೆ ಕುಡಿದ ತಾಯಂದಿರ ಮಕ್ಕಳಲ್ಲಿ ಕಾಣುವ ಹಾಗೆಯೇ. ನಿಮ್ಮ ಫಾರ್ಮಿನಲ್ಲಿ ಹುಡುಗಿಯರು, ಹೆಂಗಸರು ಎಷ್ಟು ಅನ್ನೋದು ಇದಕ್ಕಾಗಿಯೇ ಬೇಕು.

ತುರ್ತು ವಿಭಾಗದಲ್ಲಿ ತಪ್ಪಿಹೋಗೋದು ಮೂತ್ರಪಿಂಡದ ತೊಂದರೆ. ಟಾಲ್ವಿನ್ ದೇಹದಲ್ಲಿ ಹಿಪ್ಯೂರಿಕ್ ಆಮ್ಲವಾಗಿ ಬದಲಾಗಿ ಹೊರಗೆ ಹೋಗುತ್ತದೆ. ಹೋಗುವಾಗ ಪೊಟ್ಯಾಸಿಯಂ ಎಳೆದುಕೊಂಡು ಹೋಗುತ್ತದೆ. ರಕ್ತ ಆಮ್ಲೀಯವಾಗುತ್ತದೆ, ಪೊಟ್ಯಾಸಿಯಂ 2ರ ಸುತ್ತಮುತ್ತ ಇಳಿಯಬಹುದು. ಆಗ ಹುಡುಗ ಬರೋದು "ಬೆಳಿಗ್ಗೆಯಿಂದ ಕೈಕಾಲು ಏಳ್ತಿಲ್ಲ" ಅಂತ. ನೋಡಿದವರು ಪಾರ್ಶ್ವವಾಯು, ಜಿಬಿಎಸ್ (ನರಗಳ ಒಂದು ಕಾಯಿಲೆ) ಅಂತ ಓಡಾಡ್ತಾರೆ. ಬಟ್ಟೆಯ ವಾಸನೆ ಮೂಸಿ ನೋಡಿದರೆ ಅರ್ಧ ರೋಗನಿರ್ಣಯ ಅಲ್ಲೇ. ರಕ್ತ ಆಮ್ಲೀಯವಾಗಿದ್ದರೂ ಮೂತ್ರದ ಪಿಎಚ್ 5.5ಕ್ಕಿಂತ ಕೆಳಗೆ ಇಳಿಯದಿದ್ದರೆ ಸಂಶಯ ಗಟ್ಟಿ. ಇಂಥವರಿಗೆ ಆಮ್ಲೀಯತೆ ನೋಡಿ ಅವಸರದಲ್ಲಿ ಬೈಕಾರ್ಬೊನೇಟ್ ಮೊದಲು ಹಾಕಿದರೆ ಪೊಟ್ಯಾಸಿಯಂ ಜೀವಕೋಶದೊಳಗೆ ಸರಿದು ರಕ್ತದಲ್ಲಿ ಇನ್ನೂ ಕುಸಿಯುತ್ತದೆ, ಉಸಿರಾಟದ ಸ್ನಾಯುಗಳೇ ಸೋಲಬಹುದು. ಪೊಟ್ಯಾಸಿಯಂ ಮೊದಲು. ಸಿಪಿಕೆ (ಸ್ನಾಯು ಹಾನಿಯ ಪರೀಕ್ಷೆ), ಫಾಸ್ಫೇಟ್, ಇಸಿಜಿ ಜೊತೆಗೇ ಕಳಿಸಬೇಕು. ಕೆಲವು ತಿನ್ನರ್‌ಗಳಲ್ಲಿ ಮೆಥನಾಲ್ ಇರುತ್ತದೆ, "ಕಣ್ಣು ಮಂಜಾಗಿದೆ" ಅಂದರೆ ಅದನ್ನೂ ಯೋಚಿಸಬೇಕು.

ರಬ್ಬರ್ ಅಂಟು, ಪಂಕ್ಚರ್ ಸೊಲ್ಯೂಷನ್ ಕಡೆಗೆ ಬಂದರೆ ಎನ್-ಹೆಕ್ಸೇನ್ ಅನ್ನೋ ದ್ರಾವಕ. ಅದು ಹೊಡೆಯೋದು ಕೈಕಾಲಿನ ನರಗಳಿಗೆ. ಮೊದಲು ಪಾದದಲ್ಲಿ ಜೋಮು, ಆಮೇಲೆ ಚಪ್ಪಲಿ ಜಾರಿದ್ದು ಗೊತ್ತಾಗೋದಿಲ್ಲ, ಪಾದ ಎತ್ತಿ ಎತ್ತಿ ಹಾಕೋದು. ಇದರದೊಂದು ವಿಚಿತ್ರ ಇದೆ: ಸೇದೋದು ಬಿಟ್ಟ ಮೇಲೂ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಹೆಚ್ಚುತ್ತ ಹೋಗಿ ಆಮೇಲೆ ನಿಧಾನಕ್ಕೆ ಇಳಿಯುತ್ತದೆ. "ಬಿಟ್ಟರೂ ಕಾಲು ಹೋಗ್ತಾ ಇದೆ" ಅಂತ ಮನೆಯವರು ಔಷಧಿಯನ್ನ ದೂರ್ತಾರೆ, ಹುಡುಗ ಮತ್ತೆ ಶುರು ಮಾಡ್ತಾನೆ. ಮೊದಲೇ ಹೇಳಿ ಇಟ್ಟಿರಬೇಕು.

ಪೇಂಟ್ ಕೀಳುವ ದ್ರಾವಣದಲ್ಲಿ ಡೈಕ್ಲೋರೊಮೀಥೇನ್ ಇದ್ದರೆ ಅದು ದೇಹದೊಳಗೆ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ಆಗಲೂ 98 ತೋರಿಸುತ್ತದೆ, ನಂಬಬಾರದು.

ಇನ್ನು ಸಾವು. ದಿನಾ ಸೇದುವವನೇ ಸಾಯ್ತಾನೆ ಅಂತ ತಿಳಿಯಬೇಡಿ. 1970ರಲ್ಲಿ ಅಮೆರಿಕದಲ್ಲಿ ಬಾಸ್ ಎಂಬ ವೈದ್ಯ ಇಂಥ 110 ಹಠಾತ್ ಸಾವುಗಳನ್ನ ಒಟ್ಟಿಗೆ ವಿವರಿಸಿದ. ಈ ಆವಿಗಳು ಹೃದಯವನ್ನ ಅಡ್ರಿನಲಿನ್‌ಗೆ ಅತಿಯಾಗಿ ಸ್ಪಂದಿಸುವ ಹಾಗೆ ಮಾಡ್ತವೆ. ಆ ಹೊತ್ತಿನಲ್ಲಿ ಹೆದರಿದರೆ, ಓಡಿದರೆ, ಜಗಳಾಡಿದರೆ ಬಡಿತ ಹದಗೆಟ್ಟು ಹೃದಯ ನಡುಗಿ ನಿಲ್ಲುತ್ತದೆ. ಮೊದಲ ಸಲ ಸೇದಿದವನಿಗೂ ಆಗುತ್ತದೆ. ಬ್ರಿಟನ್‌ನಲ್ಲಿ 1971ರಿಂದ ಈ ಸಾವುಗಳನ್ನ ಪ್ರತ್ಯೇಕವಾಗಿ ಎಣಿಸಿದರು, 1990ರಲ್ಲಿ 152ಕ್ಕೆ ಏರಿತ್ತು. ನಮ್ಮಲ್ಲಿ ಹಾಗೆ ಎಣಿಸುವ ಪುಸ್ತಕವೇ ಇಲ್ಲ. ರೈಲು ಹಳಿ ಪಕ್ಕ ಸಿಕ್ಕ ಹೆಣ "ಅಪರಿಚಿತ" ಆಗುತ್ತದೆ, ಸುಟ್ಟು ಬಂದವನು "ಬೆಂಕಿ ಅವಘಡ" ಆಗ್ತಾನೆ. ಪ್ಲಾಸ್ಟಿಕ್ ಚೀಲದಲ್ಲಿ ಉಸಿರುಗಟ್ಟೋದು, ವಾಂತಿ ಶ್ವಾಸಕೋಶಕ್ಕೆ ಹೋಗೋದು, ಬೀಡಿ ಹಚ್ಚಿದಾಗ ಅಂಗಿಗೆ ಬೆಂಕಿ ಹತ್ತೋದು, ಅಮಲಿನಲ್ಲಿ ವಾಹನಕ್ಕೆ ಸಿಗೋದು, ಇವೆಲ್ಲ ಬೇರೆ ಬೇರೆ ಪುಸ್ತಕಗಳಲ್ಲಿ ಹಂಚಿಹೋಗಿರುತ್ತವೆ. ನಿಮ್ಮ ವರದಿಗೆ ನಿಜವಾದ ಬೆಲೆ ಬರೋದು ಇಲ್ಲಿ: ಆಸ್ಪತ್ರೆಯ ಅನುಮತಿ ಪಡೆದು ಒಂದು ವರ್ಷದ ಪೊಲೀಸ್ ಸಂಬಂಧಿತ ಪ್ರಕರಣಗಳ ಎಂಎಲ್‌ಸಿ ನೋಂದಣಿ, ಸುಟ್ಟಗಾಯದ ವಾರ್ಡು, ಮನೋರೋಗ ವಿಭಾಗ ಮೂರನ್ನೂ ನೋಡಿ. ರೋಗಗಳಿಗೆ ಸಂಕೇತ ಕೊಡುವ ಐಸಿಡಿ-10 ಪಟ್ಟಿಯಲ್ಲಿ ಇದರ ಸಂಕೇತ ಎಫ್18, ಐಸಿಡಿ-11ರಲ್ಲಿ 6ಸಿ4ಬಿ. ಸಂಕೇತವನ್ನಷ್ಟೇ ಹುಡುಕಿದರೆ ಬೆರಳೆಣಿಕೆ ಸಿಗುತ್ತದೆ. ಕೇಸ್ ಶೀಟಿನ ಬರಹದಲ್ಲಿ "ತಿನ್ನರ್", "ಸೊಲ್ಯೂಷನ್", "ಗಮ್" ಅಂತ ಹುಡುಕಬೇಕು.

ಮೂತ್ರದ ಕಿಟ್: ಬೇಡ, ದುಡ್ಡು ದಂಡ. ಅಂಗಡಿಯಲ್ಲಿ ಸಿಗುವ ಐದು ಅಥವಾ ಹತ್ತು ವಸ್ತುಗಳ ಕಿಟ್‌ಗಳಲ್ಲಿ ಇದು ಇರೋದೇ ಇಲ್ಲ. ಕಿಟ್ ನೆಗೆಟಿವ್ ಬಂತು ಅಂತ ಹುಡುಗನನ್ನ "ಕ್ಲೀನ್" ಅಂತ ಬರೆಯೋದು ದೊಡ್ಡ ತಪ್ಪು. ಪ್ರಯೋಗಾಲಯದಲ್ಲಿ ಹಿಪ್ಯೂರಿಕ್ ಆಮ್ಲ ಅಳೆಯಬಹುದು, ಆದರೆ ಸೋಡಿಯಂ ಬೆಂಜೊಯೇಟ್ ಹಾಕಿದ ಜ್ಯೂಸು, ಉಪ್ಪಿನಕಾಯಿ ತಿಂದವನಲ್ಲೂ ಅದು ಏರುತ್ತದೆ. ಅದಕ್ಕಿಂತ ಕಣ್ಣು, ಮೂಗು ನಂಬಿ: ಬಾಯಿ ಮೂಗಿನ ಸುತ್ತ ಒರಟು ಕೆಂಪು ಗುಳ್ಳೆ, ಬೆರಳ ಸಂದಿಯಲ್ಲಿ ಒಣಗಿದ ಅಂಟು, ಅಂಗಿಯ ತೋಳಿನ ತುದಿಯಲ್ಲಿ ಮಾತ್ರ ರಾಸಾಯನಿಕದ ವಾಸನೆ, ಸುರಿಯುವ ಮೂಗು. ಅಮಲು ಒಂದು ತಾಸಿನೊಳಗೆ ಇಳಿದುಬಿಡುತ್ತದೆ, ಸಂಜೆ ಸೇದಿದವನು ರಾತ್ರಿ ಊಟಕ್ಕೆ ಸರಿಯಾಗೇ ಇರ್ತಾನೆ. ಮನೆಯವರಿಗೆ ತಿಳಿಯದೆ ಹೋಗೋದು ಅದಕ್ಕೇ. ಒಂದು ಎಚ್ಚರ: ಪಂಕ್ಚರ್ ಅಂಗಡಿ, ಫರ್ನಿಚರ್ ಪಾಲಿಶ್, ಚಪ್ಪಲಿ ಅಂಟಿಸುವ ಕೆಲಸದವರ ಮೈಯಲ್ಲೂ ಇದೇ ವಾಸನೆ, ಇದೇ ಜೋಮು ಬರುತ್ತದೆ. ಉದ್ಯೋಗದ ಪ್ರಶ್ನೆ ಕೇಳದೆ ಚಟ ಅಂತ ಬರೆಯಬೇಡಿ.

ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ, ಹುಬ್ಬಳ್ಳಿಯ ಕೆಎಂಸಿಆರ್‌ಐ, ಅಂದರೆ ಹಿಂದಿನ ಕಿಮ್ಸ್‌ನ ಮನೋರೋಗ ವಿಭಾಗ. ಗದಗದಲ್ಲಿ ಜಿಮ್ಸ್ ಆಸ್ಪತ್ರೆ, ಹಾವೇರಿಯವರು ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನ ಕೇಳಬಹುದು. ಈ ಚಟಕ್ಕೆ ಬದಲಿ ಮಾತ್ರೆ ಅಂತ ಇಲ್ಲ. ಬಿಟ್ಟಾಗ ಸಿಡುಕು, ನಿದ್ದೆಗೇಡು, ಹಂಬಲ ಇರುತ್ತದೆ, ಅದಕ್ಕೆ ಆರೈಕೆ. ಉಳಿದದ್ದೆಲ್ಲ ಇರಲಿಕ್ಕೆ ಜಾಗ, ಊಟ, ಸಾಲಿ, ವಾರವಾರ ಮಾತಾಡಿಸುವ ಒಬ್ಬ ಮನುಷ್ಯ.

ರಾತ್ರಿಪಾಳಿ:

ಎದುರಿಗೆ ಬಿದ್ದರೆ ಏನು ಮಾಡಬೇಕು ಅಂದಿರಿ. ಬೀಳೋಕ್ಕಿಂತ ಮೊದಲಿನದು ಹೇಳ್ತೀನಿ: ಸೇದ್ತಾ ಇರೋ ಹುಡುಗನ್ನ ಅಟ್ಟಿಸಿಕೊಂಡು ಹೋಗಬ್ಯಾಡ್ರಿ, ಹಿಂದಿನಿಂದ ಬಂದು ಹಿಡೀಬ್ಯಾಡ್ರಿ, ಕೈಯಾಗಿನ ಅರಿವಿ ಕಸಗೊಳ್ಳಲಿಕ್ಕೆ ಜಗ್ಗಾಡಬ್ಯಾಡ್ರಿ. ಮೇಲೆ ಡಾಕ್ಟರ್ ಹೇಳಿದ ಅಡ್ರಿನಲಿನ್ ಕಥೆ ಇದೇ. ದೂರ ಕೂತು ಮೆಲ್ಲಗೆ ಮಾತಾಡ್ರಿ. ಕಾಲು ತಾಸು ಅರ್ಧ ತಾಸಿನಲ್ಲಿ ಇಳೀತದ.

ಬಿದ್ದವನು ಉಸಿರಾಡ್ತಿದ್ದರೆ ಗಾಳಿ ಇರೋ ಕಡೆ ಸರಿಸಿ, ಎಡಮಗ್ಗುಲಿಗೆ ಹೊರಳಿಸಿ, ಮೇಲಿನ ಮೊಣಕಾಲು ಮಡಚಿ ಆಸರೆ ಕೊಡ್ರಿ, ಬಾಯಿ ನೆಲದ ಕಡೆ ಇರಲಿ. ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಾಗ ನಿಂತಿರ್ತದ. ಮೋರಿ ಕೆಳಗೆ, ಮುಚ್ಚಿದ ಶೆಡ್ಡಿನೊಳಗೆ ಬಿದ್ದಿದ್ದರೆ ಮೊದಲು ಹೊರಗೆ ಎಳೀರಿ. ಬೀಡಿ, ಕಡ್ಡಿಪೆಟ್ಟಿಗೆ ಹತ್ತಿರ ಬರಬಾರದು. ಟಾಲ್ವಿನ್ 4 ಡಿಗ್ರಿಯಲ್ಲೇ ಬೆಂಕಿ ಹಿಡೀವಷ್ಟು ಆವಿ ಬಿಡ್ತದ, ನಮ್ಮ ಚಳಿಗಾಲ ಅದಕ್ಕೆ ಏನೂ ಅಲ್ಲ. ಅಂಗಿಗೆ ದ್ರಾವಣ ಚೆಲ್ಲಿದ್ದರೆ ಅಂಗಿ ತೆಗೀರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯೋದು, ಮುಖಕ್ಕೆ ತಣ್ಣೀರು ರಪ್ಪನೆ ಹೊಡೆಯೋದು, ಎಬ್ಬಿಸಿ ನಡೆಸೋದು ಯಾವುದೂ ಬ್ಯಾಡ.

ಉಸಿರು ಇಲ್ಲ, ಇಲ್ಲಾ ಬಿಟ್ಟು ಬಿಟ್ಟು ಗೊರಕೆ ತರ ಎಳೀತಾನ ಅಂದರೆ ಅದು ಉಸಿರಾಟ ಅಲ್ಲ. 108ಕ್ಕೆ ಒಬ್ಬರು ಫೋನ್ ಹಚ್ಚಲಿ, ಇನ್ನೊಬ್ಬರು ಎದೆ ಒತ್ತಲಿಕ್ಕೆ ಶುರು ಮಾಡ್ರಿ. ಎದೆಮೂಳೆಯ ಕೆಳಗಿನ ಅರ್ಧ, ಸುಮಾರು 5 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120. ಕಲಿತವರಿದ್ದರೆ 30 ಒತ್ತು, 2 ಉಸಿರು. ಕಲಿಯದವರು ಒತ್ತುತ್ತಾ ಇರ್ರಿ, ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸ್ರಿ. ಆಂಬುಲೆನ್ಸಿನವರಿಗೆ "ತಿನ್ನರ್ ಸೇದಿದಾನ" ಅಂತ ಬಾಯಿಬಿಟ್ಟು ಹೇಳಲೇಬೇಕು, ಅಡ್ರಿನಲಿನ್ ಕೊಡೋ ವಿಚಾರದಲ್ಲಿ ಡಾಕ್ಟರು ಯೋಚನೆ ಮಾಡಬೇಕಾಗ್ತದ. ಟ್ಯೂಬು, ಡಬ್ಬಿ ಸಿಕ್ಕರೆ ಮುಚ್ಚಳ ಬಿಗಿ ಮಾಡಿ ಜೊತೆಗೆ ಕಳಿಸ್ರಿ.

ದುರ್ಗದಬೈಲ್_ಅಂಗಡಿ:

ಅಂಗಡ್ಯಾಗ ಕುಂತವರ ಲೆಕ್ಕ ಒಂದೀಟು ಕೇಳ್ರಿ. ಪಂಕ್ಚರ್ ತೆಗಿಯಾವ ಸೊಲ್ಯೂಷನ್ ಜೋಡಿ ಪ್ಯಾಚ್ ಕೇಳತಾನ, ಉಜ್ಜೋ ಕಾಗದ ಕೇಳತಾನ. ಬರೇ ಟ್ಯೂಬ್, ಅದೂ ಮೂರ್ನಾಕು, ದಿನಾ ಸಂಜಿಮುಂದ ಚಿಲ್ಲರ ಎಣಿಸಿ ಕೊಟ್ಟು ಒಯ್ಯಾಕತ್ತಾನ ಅಂದ್ರ ಅಂವಗ ಸೈಕಲ್ಲೂ ಇಲ್ಲ, ಗಾಲಿನೂ ಇಲ್ಲ. ಗೊತ್ತಾಗಂಗಿಲ್ಲ ಅನ್ನೋದು ಸುಳ್ಳು.

ಬಾಟಲಿ ವೈಟ್ನರ್ ಮತ್ತ ಅದರ ತಿನ್ನರ್ ಮಾರೋದನ್ನ ಕೇಂದ್ರದವರು 2012ರಾಗ ನಿಲ್ಲಿಸ್ಯಾರ, ಪೆನ್ ನಮೂನಿದಷ್ಟ ಬಿಟ್ಟಾರ. ಅಂಗಡಿಯವರು ಬರದದ್ದು ಅಳಿಸೋ ಟೇಪ್ ಇಟ್ರ ಇನ್ನೂ ಚೊಲೊ, ಅದರಾಗ ಸೇದಾಕ ಏನೂ ಇಲ್ಲ. ಆದ್ರ ಅಷ್ಟಕ್ಕ ಮುಗಿದಿಲ್ಲ. ಒಂದು ಕಡೆ ಬಂದ್ ಆದ್ರ ಹುಡುಗರು ಇನ್ನೊಂದು ಕಡೆ ಹೊಳ್ಳತಾರ, ವೈಟ್ನರ್ ಹೋಗಿ ಪಂಕ್ಚರ್ ಟ್ಯೂಬ್ ಆತು. ಹಾರ್ಡ್‌ವೇರ್‌ದಾಗ ತಿನ್ನರ್ ಬಿಡಿಯಾಗಿ ನೀರಿನ ಬಾಟಲಿಗೆ ಸುರುವಿ ಕೊಡೋ ರೂಢಿ ಐತ್ರಿ, ಮೊದಲ ಅದನ್ನ ಬಿಡಸಬೇಕು. ಸೀಲ್ ಇದ್ದ ಲೀಟರ್ ಡಬ್ಬಿ, ಕೌಂಟರ್ ಹಿಂದ, ಸಣ್ಣ ಹುಡುಗರ ಕೈಯಾಗ ಇಲ್ಲ. ಮಾಲಕ ಕಳಿಸ್ಯಾನಂದ್ರ ಮಾಲಕಗ ಫೋನ್ ಮಾಡ್ರಿ.

ಯಾರೂ ನೋಡದ್ದು ಖಾಲಿ ಡಬ್ಬಿ. ಗೋಕುಲ ರೋಡ್ ಕಡೆ ಸ್ಪ್ರೇ ಪೇಂಟಿಂಗ್ ಶೆಡ್, ಫರ್ನಿಚರ್ ಕೆಲಸದವರು ತಳದಾಗ ಇನ್ನೂ ಒಂದೀಟು ಇದ್ದ ಡಬ್ಬಿನ ಹಂಗ ಗುಜರಿಗೆ ಒಗೀತಾರ. ಅದನ್ನ ಆರಿಸಾವ ಯಾರು? ಚಿಂದಿ ಆಯೋ ಹುಡುಗನ. ಅಂವಗ ಅಂಗಡಿಗೆ ಬರೋ ಕೆಲಸನೂ ಇಲ್ಲ, ರೊಕ್ಕನೂ ಬ್ಯಾಡ. ಡಬ್ಬಿ ಮುಚ್ಚಳ ತಗದು, ಬೆಂಕಿ ಇಲ್ಲದ ಬಯಲಾಗ ಪೂರ್ತಿ ಆರಿಸಿ, ತಳಕ್ಕ ತೂತು ಹೊಡದು ಹಾಕ್ರಿ. ನಿಮ್ಮ ಫಾರ್ಮಿನ್ಯಾಗ "ಎಲ್ಲಿಂದ ತಂದಿ" ಅನ್ನೋ ಪ್ರಶ್ನೆಕ್ಕ "ಕೊಂಡದ್ದು, ಕೆಲಸದ ಜಾಗದ್ದು, ಆರಿಸಿದ್ದು" ಅಂತ ಮೂರು ಮನಿ ಇಡ್ರಿ.

ವಾರ್ಡ್_ರೌಂಡ್:

ಮೇಲಿನವರ "ಇನ್ನೊಂದು ಕಡೆ ಹೊಳ್ಳತಾರ" ಅನ್ನೋದಕ್ಕೆ ಒಂದು ಮಾತು. ಆಸ್ಟ್ರೇಲಿಯಾದ ಒಳನಾಡಿನ ಮೂಲನಿವಾಸಿ ಊರುಗಳಲ್ಲಿ ಪೆಟ್ರೋಲ್ ಸೇದೋದು ದೊಡ್ಡ ಪಿಡುಗಾಗಿತ್ತು. 2005ರಲ್ಲಿ ಅಮಲು ತರುವ ಆರೊಮ್ಯಾಟಿಕ್ ಅಂಶವನ್ನ ಸುಮಾರು ಶೇ 25ರಿಂದ 5ಕ್ಕೆ ಇಳಿಸಿದ ಬೇರೆ ಪೆಟ್ರೋಲನ್ನೇ ಆ ಊರುಗಳ ಬಂಕ್‌ಗಳಿಗೆ ಕೊಟ್ಟರು. ಸೇದುವವರ ಸಂಖ್ಯೆ ಭಾರೀ ಇಳಿಯಿತು. ಅಲ್ಲಿ ಊರಿಗೆ ಒಂದೇ ಬಂಕ್, ಮುಂದಿನದು ನೂರಾರು ಕಿಲೋಮೀಟರ್ ಆಚೆ. ಹುಬ್ಬಳ್ಳಿಯಂಥ ಪೇಟೆಯಲ್ಲಿ ವಸ್ತು ಬದಲಿಸುವ ಆಟ ಅಷ್ಟು ಸಲೀಸಾಗಿ ನಡೆಯೋದಿಲ್ಲ. ಅಂಗಡಿಯವರ ಕೈಹಿಡಿತ ಮೊದಲ ಸಲ ಸೇದುವವನನ್ನ ತಡೆಯುತ್ತದೆ, ದಿನದ ಚಟದವನನ್ನ ಅಲ್ಲ.

ಸಮಿತಿ_ಕಡತ:

ಕಾನೂನು ಮತ್ತು ಅನುಮತಿ ಬಗ್ಗೆ ಯಾರೂ ಹೇಳಿಲ್ಲ.

ತಿನ್ನರ್, ಸೊಲ್ಯೂಷನ್ ಸೇದೋದು ಎನ್‌ಡಿಪಿಎಸ್ ಕಾಯ್ದೆಯ ಮಾದಕವಸ್ತು ಪಟ್ಟಿಗೆ ಬರೋದಿಲ್ಲ. ಸೇದಿದ ಮಗು ಆರೋಪಿಯಲ್ಲ. 2015ರ ಬಾಲನ್ಯಾಯ ಕಾಯ್ದೆಯ ಕಲಂ 2(14)ರ ಪ್ರಕಾರ, ಮಾದಕ ವ್ಯಸನಕ್ಕೆ ಬೀಳುವ ಅಪಾಯದಲ್ಲಿರುವ ಮಗು "ಪೋಷಣೆ ಮತ್ತು ರಕ್ಷಣೆ ಅಗತ್ಯವಿರುವ ಮಗು". ಕರೆದುಕೊಂಡು ಹೋಗಬೇಕಾದ್ದು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ, 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಬರುತ್ತಾರೆ. ಅದೇ ಕಾಯ್ದೆಯ ಕಲಂ 77ರಲ್ಲಿ ಮಕ್ಕಳಿಗೆ ಮದ್ಯ, ಮಾದಕವಸ್ತು, ತಂಬಾಕು ಕೊಟ್ಟವರಿಗೆ 7 ವರ್ಷದವರೆಗೆ ಶಿಕ್ಷೆ, 1 ಲಕ್ಷದವರೆಗೆ ದಂಡ ಇದೆ, ಆದರೆ ತಿನ್ನರ್‌ನಂಥ ವಸ್ತುವಿನ ಹೆಸರು ಅದರಲ್ಲಿಲ್ಲ. ಅಂಗಡಿಯವರ ಮುಂದೆ 77 ಹೇಳಿ ಬೆದರಿಸುವವರು ಅದನ್ನ ಓದಿರುವುದಿಲ್ಲ.

ಮಗುವನ್ನ ಚಟ ಬಿಡಿಸುವ ಕೇಂದ್ರಕ್ಕೆ ದಾಖಲಿಸುವುದಾದರೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಅನ್ವಯಿಸುತ್ತದೆ. ದೊಡ್ಡವರ ವಾರ್ಡಿನಿಂದ ಬೇರೆ ಇಡಬೇಕು, 72 ಗಂಟೆಯೊಳಗೆ ಪುನರ್‌ಪರಿಶೀಲನಾ ಮಂಡಳಿಗೆ ತಿಳಿಸಬೇಕು. ದೊಡ್ಡ ಗಂಡಸರ ಜೊತೆ 13ರ ಹುಡುಗನನ್ನ ಕೂಡಿಹಾಕುವ ಕಡೆಗೆ ನೀವು ಕಳಿಸಬಾರದು.

ಅಧ್ಯಯನಕ್ಕೆ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ ಮೊದಲು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಪೋಷಕರ ಒಪ್ಪಿಗೆಯ ಜೊತೆಗೆ 7ರಿಂದ 12ರ ಮಕ್ಕಳ ಬಾಯಿಮಾತಿನ ಸಮ್ಮತಿ, 12ರಿಂದ 18ರವರ ಲಿಖಿತ ಸಮ್ಮತಿ ಬೇಕು. ಪೋಷಕರೇ ಇಲ್ಲದವರಿಗೆ ಏನು ಮಾಡುತ್ತೀರಿ ಅನ್ನೋದನ್ನ ಅರ್ಜಿಯಲ್ಲೇ ಬರೆಯಬೇಕು, ಸಮಿತಿ ಮೊದಲು ಕೇಳುವ ಪ್ರಶ್ನೆ ಅದು. ಎರಡು ತಿಂಗಳಲ್ಲಿ ಮೂರು ವಾರ ಇದಕ್ಕೇ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಫೋಟೋ, ವಿಡಿಯೋ ಬೇಡವೇ ಬೇಡ, ಮಗುವಿನ ಗುರುತು ಬಯಲು ಮಾಡುವುದು ಅದೇ ಬಾಲನ್ಯಾಯ ಕಾಯ್ದೆಯ ಕಲಂ 74ರಲ್ಲಿ ಅಪರಾಧ.

ಸಾಲಿಯಲ್ಲಿ ವಸ್ತುಗಳನ್ನ ಮೇಜಿನ ಮೇಲೆ ಇಡುವ ಯೋಚನೆ ಕೈಬಿಡಿ. ಗೊತ್ತಿಲ್ಲದ 40 ಮಕ್ಕಳಿಗೆ ಯಾವುದು ಎಲ್ಲಿ ಸಿಗುತ್ತದೆ ಅಂತ ನೀವೇ ಹೇಳಿಕೊಟ್ಟ ಹಾಗೆ. ಪಟ್ಟಿ, ಗುರುತುಗಳು, ವಾಸನೆ ಇದೆಲ್ಲ ಮಾಸ್ತರರಿಗೆ, ಅಕ್ಕೋರಿಗೆ, ಅಂಗಡಿಯವರಿಗೆ, ಬೇರೆ ಸಭೆಯಲ್ಲಿ. ಮಕ್ಕಳಿಗೆ "ಡಬ್ಬಿ ಮೇಲೆ ಬೆಂಕಿಯ ಚಿತ್ರ ಇದ್ದರೆ ಅದು ಸುಲಭವಾಗಿ ಬೆಂಕಿ ಹಿಡಿಯುವ ವಸ್ತು, ಕಿಟಕಿ ತೆಗೆದು ಬಳಸಬೇಕು, ಗೆಳೆಯ ಬಿದ್ದರೆ ಬಿಟ್ಟು ಓಡದೆ 108ಕ್ಕೆ ಹೇಳಬೇಕು, ಹೇಳಿದವರಿಗೆ ಬೈಯುವುದಿಲ್ಲ" ಇಷ್ಟು ಸಾಕು. ಚಟ ಬಿಡಿಸುವ ಸಹಾಯವಾಣಿ 14446ನ್ನ ಗೋಡೆಗೆ ಬರೆಸಿ.

ಗಣೇಶಪೇಟೆ_ಸಮೀಕ್ಷೆ:

ಎಲ್ಲರಿಗೂ ಧನ್ಯವಾದ್ರಿ. ಎಣಿಕೆ ಮಾಸ್ತರಿಗೆ ಒಂದು ಪ್ರಶ್ನೆ ಉಳೀತು: ಎರಡು ಸುತ್ತಿನ ನಡುವೆ ಎಷ್ಟು ದಿನ ಬಿಡಬೇಕು? ಮತ್ತೆ ಯಾವ ವೇಳೆ?

ಎಣಿಕೆ_ಮಾಸ್ತರ:

ಏಳರಿಂದ ಹತ್ತು ದಿನ. ಅದಕ್ಕಿಂತ ಕಡಿಮೆ ಆದರೆ ಮಕ್ಕಳು ಕೂತ ಜಾಗದಲ್ಲೇ ಕೂತಿರ್ತಾರ, ಸಿಕ್ಕವರೇ ಮತ್ತೆ ಸಿಗ್ತಾರ. ಹೆಚ್ಚಾದರೆ ಊರು ಬಿಟ್ಟು ಹೋಗೋರು, ಹೊಸಬರು ಬರೋರು ಜಾಸ್ತಿ. ಎರಡೂ ಸುತ್ತು ವಾರದ ಅವೇ ದಿನಗಳಲ್ಲಿ ಇರಲಿ. ಸಿದ್ಧಾರೂಢ ಮಠದ ಜಾತ್ರಿ, ಗಣೇಶ ಹಬ್ಬದ ವಾರಗಳನ್ನ ಬಿಡ್ರಿ, ಆಗ ಹೊರಗಿನಿಂದ ಬಂದು ಸೇರೋ ಮಕ್ಕಳಿಂದ ಲೆಕ್ಕ ಕೆಡ್ತದ. ವೇಳೆ ಅಂದರೆ ಬೆಳಿಗ್ಗೆ 6ರಿಂದ 8, ಗುಜರಿ ಆರಿಸಲಿಕ್ಕೆ ಹೊರಡೋ ಹೊತ್ತು, ಅಮಲು ಇರಂಗಿಲ್ಲ, ಮಾತಾಡ್ತಾರ. ಸಂಜೆ ಎಣಿಸಬಹುದು, ಆದರೆ ಅಮಲಿನಲ್ಲಿ ಕೊಟ್ಟ ಸಮ್ಮತಿ ಸಮ್ಮತಿ ಅಲ್ಲ, ಆಗ ಪ್ರಶ್ನೆ ಕೇಳಬ್ಯಾಡ್ರಿ. ಇಬ್ಬಿಬ್ಬರ ಮೂರು ಜೋಡಿ ಮಾಡ್ರಿ; ಮೊದಲ ಸುತ್ತಿನಲ್ಲಿ ಸ್ಟೇಷನ್ ನೋಡಿದ ಜೋಡಿಯೇ ಎರಡನೇ ಸುತ್ತಿಗೂ ಸ್ಟೇಷನ್ ನೋಡಲಿ. ಮುಖ ಗುರುತು ಸಿಗೋದು ಅವರಿಗೇ.